ಗೇಟಿನ ಹೊರಗೆ ನಿಂತ ಪ್ರಿನ್ಸಿಪಾಲರು

ಗೂಳಿಗೌಡನದೊಡ್ಡಿ, ಮರಳವಾಡಿ ಹೋಬಳಿ
9 ಜುಲೈ 2024

ತಂಗ್ಯಮ್ಮ ಸೌಮ್ಯಶ್ರೀಗೆ,

ಬಾಲರಾಜು ಬರೆಯುವ ಓಲೆ. ಯಾವ ಬಾಲರಾಜು ಅಂತೀಯಾ? ಹಾರ್ಮೋನಿಯಂ ಬಾಲರಾಜು! ನಿಮ್ಮಪ್ಪಾಜಿಯ ಜೂನಿಯರ್ ಕಾಲೇಜಿನ ವರಾಂಡದಲ್ಲಿ ಮರದ ಗದೆ ತಿರುಗಿಸಿ ನೋಟೀಸ್ ಬೋರ್ಡಿನ ಗಾಜು ಪುಡಿ ಮಾಡಿದ ಮಹಾಶೂರ! ನಿನಗಿಂತ ಮೂರು ತರಗತಿ ಮುಂದಿದ್ದೆ. ನೆನಪಾಯಿತೋ ಇಲ್ಲವೋ?

ಫೋನು ಮಾಡಬಹುದಿತ್ತಲ್ಲಾ ಅಂತ ಕೇಳಬೇಡ. ಮೈಕಿಲ್ಲದೆ ಮೂರು ಊರಿಗೆ ಕೇಳುತ್ತಿದ್ದ ಈ ಗಂಟಲಿಗೆ ಗಂಟು ಬಂತು. ಬೆಂಗಳೂರಿನ ಡಾಕ್ಟರು ಕೊಯ್ದು ತೆಗೆದು, "ನಾವು ಹೇಳೋವರೆಗೂ ಬಾಯಿ ಬಿಡಕೂಡದು" ಅಂತ ಅಪ್ಪಣೆ ಕೊಡಿಸಿದ್ದಾರೆ. ಊರಲ್ಲಿ ಸ್ಲೇಟು ಹಿಡಿದು ಓಡಾಡುತ್ತಿದ್ದೇನೆ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುವಷ್ಟರಲ್ಲಿ ನನ್ನ ರಸವೆಲ್ಲ ಇಂಗಿ ಹೋಗುತ್ತದೆ. ಅದಕ್ಕೇ ಕಾಗದ, ಅದಕ್ಕೇ ಪೆನ್ನು!

ಸಂಗತಿ ಕೇಳು. ಡಿಸೆಂಬರಿಗೆ ನಿಮ್ಮಪ್ಪಾಜಿ, ಪ್ರಿನ್ಸಿಪಾಲ್ ಗವಿಸಿದ್ದಯ್ಯನವರು, ನಮ್ಮನ್ನಗಲಿ ವರ್ಷವಾಗುತ್ತದೆ. ಹಳೇ ವಿದ್ಯಾರ್ಥಿಗಳ ಸಂಘದವರೆಲ್ಲ ಸೇರಿದೆವು. ಫೋಟೋಗೆ ಹಾರ ಹಾಕಿ ಬೋಂಡ ತಿಂದು ಏಳುವುದು ಬೇಡ ಎಂದು ನಾನು ಸ್ಲೇಟಿನ ಮೇಲೆ ಗುಡುಗಿದೆ. ನಾಟಕವಾಗಲಿ! ಸೀನರಿ, ಕಂದಪದ್ಯ, ಹಾರ್ಮೋನಿಯಂ ಎಲ್ಲ ಇರುವ ಪೂರಾ ನಾಟಕ! "ಕರ್ತವ್ಯ ಕಂಠೀರವ ಅರ್ಥಾತ್ ಗೂಳಿಗೌಡನದೊಡ್ಡಿಯ ಮಹಾಗುರು." ರಚನೆ, ಸಂಗೀತ, ನಿರ್ದೇಶನ ನಾನೇ.

ಮೊದಲ ಅಂಕ ಆಗಲೇ ಬರೆದಾಗಿದೆ. ರೇಷ್ಮೆಹುಳು ಹಣ್ಣಾಗುವ ವಾರ ನಮ್ಮನ್ನೆಲ್ಲ ಮನೆಯಲ್ಲೇ ಹಿಡಿದುಕೊಳ್ಳುತ್ತಿದ್ದರಲ್ಲ, ಹುಳು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ಕೈ ಸಾಲದೆಂದು? ಆಗ ನಿಮ್ಮಪ್ಪಾಜಿ ನಮ್ಮ ಮನೆ ಬಾಗಿಲಿಗೇ ಬಂದರು. "ಬೈರಮ್ಮ, ನಿಮ್ಮ ಮಗನ ಬದಲು ನಾನು ಕೂತು ಆರಿಸ್ತೀನಿ, ಅವನನ್ನ ಕ್ಲಾಸಿಗೆ ಕಳಿಸಿ" ಅಂದರು. ನಮ್ಮವ್ವ ಏನಂದಳು ಗೊತ್ತೆ? "ಬ್ಯಾಡ ಸಾ, ನೀವು ಮುಟ್ಟುದ್ರೆ ನಮ್ ಹುಳ ಗೂಡು ಕಟ್ಟಾದು ಬುಟ್ಟು ಮಗ್ಗಿ ಹೇಳ್ಬುಡ್ತವೆ!" ಆದರೂ ಮನುಷ್ಯ ಪಂಚೆ ಎತ್ತಿಕಟ್ಟಿ ಕೂತೇಬಿಟ್ಟರು.

ಕೊನೆಯ ಅಂಕವಂತೂ ಊರಿಗೇ ಗೊತ್ತು. ಕನಕಪುರದ ಆಸ್ಪತ್ರೆಯಲ್ಲಿ ನಿಮ್ಮಮ್ಮ ಚನ್ನಬಸಮ್ಮನವರು ಕೊನೆಯುಸಿರು ಎಳೆಯುತ್ತಿದ್ದಾರೆ. ಸುದ್ದಿ ಬರುತ್ತದೆ. ಪರೀಕ್ಷೆಯ ಕುರ್ಚಿಯಲ್ಲಿ ಕೂತ ಪ್ರಿನ್ಸಿಪಾಲರು ಗರ್ಜಿಸುತ್ತಾರೆ: "ಈ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ನಾನು ಯಾರ ಗಂಡನೂ ಅಲ್ಲ!" ಆಹಾ! ನಾನಾಗ ಚನ್ನಪಟ್ಟಣದಲ್ಲಿ ಸೀನರಿ ಬಾಡಿಗೆಗೆ ಕೊಡುವವರ ಹತ್ತಿರ ಕೆಲಸಕ್ಕಿದ್ದೆ. ಕಣ್ಣಾರೆ ಕಾಣುವ ಭಾಗ್ಯ ತಪ್ಪಿತು.

ನಡುವಿನ ಅಂಕಕ್ಕೆ ಮನೆಯ ಸಂಗತಿ ಬೇಕು. ರಿಟೈರಾದ ಮೇಲೆ ನಿನ್ನ ಮನೆಯಲ್ಲಿ ಹೇಗಿದ್ದರು? ಬರೆ ತಾಯಿ.

ನಿನ್ನ ಅಣ್ಣ,
ಬಾಲರಾಜು

*

ವಿಜಯಪುರ
24 ಜುಲೈ 2024

ಬಾಲಣ್ಣನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಗಂಟಲು ಬೇಗ ಸರಿಹೋಗಲಿ. ಅಪ್ಪಾಜಿಯನ್ನು ಊರು ನೆನೆಯುತ್ತಿರುವುದು ಸಂತೋಷ.

ಬರೆಯುವಂಥದ್ದು ಹೆಚ್ಚಿಲ್ಲ. ನಾನು ಬೆಳಿಗ್ಗೆ ಮಣ್ಣು ಪರೀಕ್ಷೆಯ ಕೇಂದ್ರಕ್ಕೆ ಹೋದರೆ ಬರುವುದು ಸಂಜೆ. ಅಪ್ಪಾಜಿ ಕೊಟ್ಟಿದ್ದನ್ನು ಉಂಡು, ತಮ್ಮ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಜೋಳದ ರೊಟ್ಟಿ ಕೊನೆಯವರೆಗೂ ರೂಢಿಯಾಗಲಿಲ್ಲ, ಮುದ್ದೆ ಬೇಕೆಂದು ಬಾಯಿಬಿಟ್ಟು ಕೇಳಲೂ ಇಲ್ಲ. ನಮ್ಮ ಯಜಮಾನರು ದಯಾನಂದ್ ಜೊತೆ ಪತ್ರಿಕೆಯ ಸುದ್ದಿ ಮಾತಾಡುತ್ತಿದ್ದರು. ನನ್ನ ಜೊತೆ ಮಾತು ಕಡಿಮೆ.

ಒಂದು ವಿಚಿತ್ರ ಇತ್ತು. ನನ್ನ ಮಗ ಎಸ್ಸೆಸ್ಸೆಲ್ಸಿ ಬರೆದ ವರ್ಷ ಪ್ರತಿ ಪರೀಕ್ಷೆಗೂ ಹೋಗಿ ಶಾಲೆಯ ಗೇಟಿನ ಹೊರಗೆ ನಿಲ್ಲುತ್ತಿದ್ದರು. ಪಕ್ಕದಲ್ಲೇ ಬೇವಿನ ಮರದ ನೆರಳಿದ್ದರೂ ಈ ಊರಿನ ಬಿಸಿಲಲ್ಲಿ, ಕೊನೆಯ ಗಂಟೆ ಹೊಡೆಯುವವರೆಗೆ. ಮರುವರ್ಷ ನಮ್ಮ ಮನೆಯವರು ಯಾರೂ ಬರೆಯುತ್ತಿರಲಿಲ್ಲ. ಆಗಲೂ ಹೋಗಿ ನಿಂತರು! "ಶಾಲೆ ಬಿಟ್ರೆ ನಿಮಗೆ ಬೇರೆ ಮನೆಯೇ ಇಲ್ವಾ ಅಪ್ಪಾಜಿ?" ಎಂದು ಕೇಳಿದ್ದೆ. ನಕ್ಕು ಪತ್ರಿಕೆ ಎತ್ತಿಕೊಂಡರು.

ಒಂದು ಕೋರಿಕೆ. ಅಮ್ಮನ ವಿಷಯ ನಾಟಕಕ್ಕೆ ಬೇಡ.

ಇತಿ,
ಸೌಮ್ಯಶ್ರೀ

*

ಗೂಳಿಗೌಡನದೊಡ್ಡಿ
5 ಆಗಸ್ಟ್ 2024

ತಂಗ್ಯಮ್ಮ,

ನಿನ್ನ ಕಾಗದವನ್ನು ಸಂಘದ ಅಧ್ಯಕ್ಷ ಮರಿಯಪ್ಪನಿಗೆ ಓದಲು ಕೊಟ್ಟೆ. ಕಣ್ಣೊರೆಸಿಕೊಂಡ! ಅಮ್ಮನ ವಿಷಯ ಬೇಡ ಅಂದಿದ್ದೀಯ. ದೊಡ್ಡವರ ಮಗಳಲ್ಲವೆ, ಮನೆಯ ತ್ಯಾಗವನ್ನು ಬೀದಿಯಲ್ಲಿ ಹೇಳಿಕೊಳ್ಳಬಾರದೆಂಬ ವಿನಯ. ಅಪ್ಪನ ರಕ್ತವೇ! ಆದರೆ ಇದು ಈಗ ಊರಿನ ಸೊತ್ತು ತಾಯಿ. ಆ ದೃಶ್ಯ ತೆಗೆದರೆ ಕಿರೀಟ ಕಳಚಿದ ರಾಜನಂತೆ ಆಗುತ್ತದೆ ನಾಟಕ.

ಗೇಟಿನ ಸಂಗತಿ ಮಾತ್ರ ಚಿನ್ನ! ಹಾಸ್ಯ ದೃಶ್ಯಕ್ಕೆ ಹೇಳಿ ಮಾಡಿಸಿದ್ದು. ಬಿಜಾಪುರದ ಬಿಸಿಲು, ಕೊಡೆಯಿಲ್ಲದ ಮುದುಕರು, ಗದರಿಸುವ ಪೊಲೀಸು. ಜನ ಬಿದ್ದು ಬಿದ್ದು ನಗಬೇಕು.

ತಾಲೀಮು ಶುರುವಾಗಿದೆ. ಪ್ರಿನ್ಸಿಪಾಲರ ಪಾತ್ರ ಮನೋಹರನಿಗೆ. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ, ಸಮವಸ್ತ್ರದಲ್ಲೇ ಬಂದು ನಿಲ್ಲುತ್ತಾನೆ. ಇಲ್ಲಿಯವರೆಗೆ ಬರೀ ರಾಕ್ಷಸರ ಪಾತ್ರ ಮಾಡಿದವನು. ನಡೆದರೆ ಅಟ್ಟ ನಡುಗುತ್ತದೆ. ಮೊನ್ನೆ ಮರಿಯಪ್ಪ ರೇಗಿದ: "ಏನ್ಲಾ ಮನೋಹರ, ಪ್ರಿನ್ಸಿಪಾಲ್ರು ಹಿಂಗೆ ಮೀಸೆ ತಿರುವ್ಕೊಂಡು ಬತ್ತಿದ್ರೇನ್ಲಾ? ಒಸಿ ಮೆತ್ತುಗ್ ನಡೀಲಾ!" ಅವನು ಬಿಡುತ್ತಾನೆಯೇ? "ಮೆತ್ತುಗ್ ನಡುದ್ರೆ ಇಂದ್ಗಡೆ ಕುಂತಿರೋರ್ಗೆ ಕಾಣ್ಬೇಕಲ್ಲಣ್ಣೋ! ಕಾಸ್ ಕೊಟ್ಟು ಪಾತ್ರ ತಗಂಡಿರೋನು ನಾನು ಕಣಣ್ಣ!" ನಾನು ಸ್ಲೇಟಿನ ಮೇಲೆ "ಇಬ್ಬರೂ ಮುಚ್ಚಿ" ಎಂದು ಬರೆದು ಎತ್ತಿ ಹಿಡಿದೆ.

ಚನ್ನಬಸಮ್ಮನವರ ಪಾತ್ರಕ್ಕೆ ಚನ್ನಪಟ್ಟಣದ ಕಲಾವಿದೆ ಸುಚಿತ್ರಾ ಒಪ್ಪಿದ್ದಾರೆ. ಅವರು ಅತ್ತರೆ ಹಾರ್ಮೋನಿಯಮ್ಮೇ ಅಳುತ್ತದೆ.

ನೀನು ಬರಲೇಬೇಕು. ಮುಂದಿನ ಸಾಲಿನ ನಡುವಿನ ಕುರ್ಚಿ ನಿನ್ನದು!

ಬಾಲರಾಜು

*

ವಿಜಯಪುರ
2 ಸೆಪ್ಟೆಂಬರ್ 2024

ಬಾಲಣ್ಣನವರಿಗೆ,

ವಿನಯಕ್ಕಾಗಿ ನಾನು ಹಾಗೆ ಬರೆಯಲಿಲ್ಲ.

ಅಪ್ಪಾಜಿಯ ಬಗ್ಗೆ ತೋರಿಸಲು ಬೇಕಾದಷ್ಟಿದೆ. ಶೌಚಾಲಯವಿಲ್ಲವೆಂದು ಹೆಣ್ಣುಮಕ್ಕಳು ಕಾಲೇಜು ಬಿಡುತ್ತಿದ್ದಾಗ ತಾವೇ ಹಾರೆ ಹಿಡಿದು ಗುಂಡಿ ತೋಡಿದರು. ಕಲ್ಲುಕೋರೆಯಲ್ಲಿ ಜಲ್ಲಿ ಒಡೆಯುತ್ತಿದ್ದ ಹುಡುಗರಿಗೆ ಅಲ್ಲೇ ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಪಾಠ ಹೇಳಿದರು. ಅವನ್ನು ಮಾಡಿ.

ಅಮ್ಮ ಹೋದ ದಿನ ಆ ಪರೀಕ್ಷಾ ಕೊಠಡಿಯೊಳಗೆ ಕೂತು ಎಸ್ಸೆಸ್ಸೆಲ್ಸಿ ಗಣಿತ ಬರೆಯುತ್ತಿದ್ದವರಲ್ಲಿ ನಾನೂ ಒಬ್ಬಳು. ಇಷ್ಟು ಹೇಳಿದರೆ ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಸೌಮ್ಯಶ್ರೀ

*

ಗೂಳಿಗೌಡನದೊಡ್ಡಿ
20 ಸೆಪ್ಟೆಂಬರ್ 2024

ಅಯ್ಯೋ ನನ್ನ ತಂಗ್ಯಮ್ಮ!

ಈ ಮಾತನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ! ಒಳಗೆ ಹೆತ್ತ ಮಗಳು ಲೆಕ್ಕ ಬಿಡಿಸುತ್ತಿದ್ದಾಳೆ, ಅತ್ತ ಹೆತ್ತ ತಾಯಿ ಉಸಿರು ಬಿಡುತ್ತಿದ್ದಾಳೆ, ನಡುವೆ ಕರ್ತವ್ಯದ ಕಂಬದಂತೆ ಅಪ್ಪ! ಯಾವ ಪುರಾಣದಲ್ಲಿದೆ ಇಂಥ ಸನ್ನಿವೇಶ? ಹಳೆಯ ದೃಶ್ಯ ಹರಿದು ಹಾಕಿ ಹೊಸದು ಬರೆದೆ. ರಂಗದ ಬಲಕ್ಕೆ ಆಸ್ಪತ್ರೆಯ ಮಂಚ, ಎಡಕ್ಕೆ ನಿನ್ನ ಬೆಂಚು. ಕೊನೆಗೆ ಪ್ರಿನ್ಸಿಪಾಲರಿಗೆ ಒಂದು ಕಂದಪದ್ಯ, ಶುದ್ಧ ಶೋಕರಾಗದಲ್ಲಿ. ಬರೆಯುವಾಗ ನನಗೇ ಬಿಕ್ಕಳಿಕೆ ಬಂದು ಹೊಲಿಗೆ ಹಾಕಿದ ಗಂಟಲು ನೊಂದಿತು.

ಡಿಸೆಂಬರ್ ಹದಿನಾಲ್ಕು, ಶನಿವಾರ, ಕಾಲೇಜಿನ ಮೈದಾನದಲ್ಲಿ ಹಗಲು ನಾಟಕ. ನಿನ್ನ ಋಣ ಆವತ್ತು ತೀರಿಸುತ್ತೇನೆ ನೋಡು!

ಬಾಲರಾಜು

*

ವಿಜಯಪುರ
21 ಡಿಸೆಂಬರ್ 2024

ಬಾಲಣ್ಣನವರಿಗೆ,

ಹೇಳದೆ ಎದ್ದು ಬಂದದ್ದಕ್ಕೆ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ.

ಬರಬಾರದೆಂದೇ ಇದ್ದೆ. ದಯಾನಂದ್, "ಊರೆಲ್ಲ ಕಾಯುತ್ತಿದೆ, ಹೋಗಿ ಬಾ" ಎಂದರು. ಹುಳು ಆರಿಸುವ ದೃಶ್ಯಕ್ಕೆ ನಾನೂ ನಕ್ಕೆ. ಪೊಲೀಸಿನವನು ಮುದುಕರನ್ನು ಗೇಟಿನಿಂದ ಅಟ್ಟುವ ದೃಶ್ಯಕ್ಕೆ ಎಲ್ಲರ ಜೊತೆ ನಕ್ಕೆ. ಆಮೇಲೆ ಪರದೆ ಎದ್ದಿತು. ಸುಚಿತ್ರಾ ಅವರು ಅಮ್ಮನ ಹಾಗೆಯೇ ಸೆರಗು ಹೊದ್ದು ಮಲಗಿದ್ದರು. "ಮಗೂನ ಕರೆಸಿ" ಎಂದು ಮೂರು ಸಲ ಕೂಗಿ ಪ್ರಾಣ ಬಿಟ್ಟರು. ಮನೋಹರ ನಿಮ್ಮ ಪದ್ಯ ಹಾಡಿದ. ಮೈದಾನದ ತುಂಬ ಶಿಳ್ಳೆ.

ಆಗ ಹಿಂದಿನಿಂದ ಯಾರೋ ಕೂಗಿದರು, "ಒನ್ಸ್ ಮೋರ್!" ಆಮೇಲೆ ಎಲ್ಲರೂ.

ನೀವು ಹಾರ್ಮೋನಿಯಂ ಮೇಲಿಂದ ತಲೆಯೆತ್ತಿ ನನ್ನ ಕಡೆ ನೋಡಿದಿರಿ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ನೀವು ಮತ್ತೆ ಶ್ರುತಿ ಹಿಡಿದಿರಿ. ಸತ್ತಿದ್ದ ನಮ್ಮಮ್ಮ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಇನ್ನೊಮ್ಮೆ ಸಾಯಲು ಮಲಗಿದರು.

ಹಾರೋಹಳ್ಳಿಯ ಬಸ್ ಸ್ಟ್ಯಾಂಡಿನವರೆಗೂ ಆ ಮೈಕು ಕೇಳಿಸುತ್ತಿತ್ತೋ, ನನ್ನ ಕಿವಿಯಲ್ಲೇ ಉಳಿದಿತ್ತೋ ಗೊತ್ತಿಲ್ಲ.

ನಿಮ್ಮ ದೃಶ್ಯದಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಗಣಿತದ ಪೇಪರು ಸುಲಭವಿತ್ತು. ನಗುತ್ತಾ ಹೊರಗೆ ಬಂದೆ. ಅಪ್ಪಾಜಿ ಗೇಟಿನ ಹತ್ತಿರ ನಿಂತಿದ್ದರು, ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು ಸನಾವುಲ್ಲಾ ಅವರ ಬೈಕು. ಅಪ್ಪಾಜಿ ಕೇಳಿದ ಮೊದಲ ಮಾತು, "ಪೇಪರ್ ಹೇಗಿತ್ತಮ್ಮ?" ಚೆನ್ನಾಗಿತ್ತು ಅಂದೆ. ಆಮೇಲೆ, "ಬಾ, ಆಸ್ಪತ್ರೆಗೆ ಹೋಗೋಣ." ಹೋಗುವಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ನಮ್ಮಮ್ಮನಿಗಿಂತ ಅವರಿಗೆ ಶಾಲೆಯೇ ದೊಡ್ಡದಾಯಿತು. ನನ್ನ ಮನೆಯಲ್ಲಿ ಅಷ್ಟು ವರ್ಷ ಇದ್ದರು, ಒಂದೇ ಒಂದು ದಿನ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಮುಗಿಸುತ್ತಿದ್ದೆ. ಕೊನೆಯ ದಿನ ಆಕ್ಸಿಜನ್ ಹಾಕಿದ್ದಾಗ ನನ್ನ ಕೈ ಹಿಡಿದುಕೊಂಡರು. ನಾನು ಡ್ರಿಪ್ಸ್ ನೋಡುವ ನೆಪ ಮಾಡಿ ಕೈ ಬಿಡಿಸಿಕೊಂಡೆ.

ಇನ್ನು ಬರೆಯಬೇಡಿ.

ಸೌಮ್ಯಶ್ರೀ

*

ಗೂಳಿಗೌಡನದೊಡ್ಡಿ
18 ಜನವರಿ 2025

ತಂಗ್ಯಮ್ಮ,

ಬರೆಯಬೇಡ ಎಂದೆ. ಇದೊಂದು ಸಲ ಓದು.

ನೀನು ತಲೆಯಾಡಿಸಿದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಹಾಗೆ ಅಂದುಕೊಳ್ಳಲು ನನಗೂ ಆಸೆಯಿತ್ತು. ನಮ್ಮ ಕಸುಬಿನಲ್ಲಿ ಒನ್ಸ್ ಮೋರ್ ಬಂದರೆ ಅದೇ ದೊಡ್ಡ ಮರ್ಯಾದೆ. ಕೈ ತಾನಾಗಿ ಹಾರ್ಮೋನಿಯಂ ಮನೆಗಳ ಮೇಲೆ ಹೋಯಿತು. ಎರಡನೇ ಸಲ ಪದ್ಯ ಮುಗಿದಾಗ ನಿನ್ನ ಕುರ್ಚಿ ಖಾಲಿ. ದುಃಖ ತಡೆಯಲಾರದೆ ಎದ್ದು ಹೋಗಿದ್ದಾಳೆ, ನಾಟಕ ಗೆದ್ದಿತು ಎಂದು ಆಗಲೂ ಅಂದುಕೊಂಡೆ. ಇದಕ್ಕಿಂತ ನಾಚಿಕೆಯದು ಬರೆಯಲು ನನ್ನ ಹತ್ತಿರ ಇಲ್ಲ.

ಈಗ ಕೇಳು. ಸಂಕ್ರಾಂತಿಯ ಮರುದಿನ ಸನಾವುಲ್ಲಾ ಮೇಷ್ಟ್ರು ಕನಕಪುರದಿಂದ ಮನೆಗೆ ಬಂದರು. ನಾಟಕ ನೋಡಿದ್ದರಂತೆ. ನನಗೆ ಮಾತು ಬಂದಿದ್ದರೆ ಅವರಿಂದ ಹೊಗಳಿಸಿಕೊಂಡು ಕಳಿಸಿರುತ್ತಿದ್ದೆ. ಬಾಯಿ ಇಲ್ಲದ್ದರಿಂದ ಪೂರ್ತಿ ಕೇಳಿಸಿಕೊಂಡೆ. ಅವರ ಮಾತು ಹಾಗೇ ಬರೆಯುತ್ತೇನೆ.

"ನಾಟ್ಕ ಚೆನ್ನಾಗಿತ್ತು ಬಾಲರಾಜು. ಆದ್ರೆ ಅದು ನಡದಿದ್ದಲ್ಲ ಕಣಪ್ಪ. ಆವತ್ತು ಗವಿಸಿದ್ದಯ್ಯನೋರ್ಗೆ ಪರೀಕ್ಷೆ ಡ್ಯೂಟಿನೇ ಇರ್ಲಿಲ್ಲ. ಮಗಳು ಬರಿಯೋ ಸೆಂಟ್ರು ಅಂತ ಆ ವರ್ಷ ಅವರೇ ಬಿಡಿಸ್ಕೊಂಡಿದ್ರು. ಕನಕಪುರದಿಂದ ಬೇರೆಯೋರು ಬಂದು ಆಫೀಸ್ ರೂಮಲ್ಲಿ ಕೂತಿದ್ರು, ಬರಿಯೋ ಮಕ್ಳಿಗೆ ಅದು ಗೊತ್ತಿರ್ಲಿಲ್ಲ. ಇವರು ಪರೀಕ್ಷೆ ರೂಮಿನ ಬಾಗ್ಲು ಸಹ ತುಳೀಲಿಲ್ಲ. ಮಗಳನ್ನ ಬಿಟ್ಟು ಆಸ್ಪತ್ರೆಗೆ ಹೊರಡಾಕೆ ಬಸ್ಸಿಗೆ ಕಾಯ್ತಿದ್ರು. ಅಷ್ಟ್ರಲ್ಲಿ ಅಲ್ಲಿಂದ್ಲೇ ಸುದ್ದಿ ಬಂತು, ಬೇಗ ಬರ್ಬೇಕು, ಮಗೂನೂ ಕರ್ಕೊಂಡು ಬನ್ನಿ ಅಂತ. ನಾನು ಬೈಕ್ ಸ್ಟಾರ್ಟ್ ಮಾಡ್ದೆ. ಇವರು ಹತ್ತಿ ಕೂತ್ರು. ಆಮೇಲೆ ಇಳುದ್ರು.

"ಯಾಕೆ ಸಾ ಅಂದೆ. 'ನೆನ್ನೆ ಅವಳು ನನ್ನ ಕೈಲಿ ಭಾಷೆ ತಗೊಂಡವಳೆ ಸನಾವುಲ್ಲಾ. ಏನೇ ಆಗ್ಲಿ, ಮಗು ಪರೀಕ್ಷೆ ಮಾತ್ರ ಬಿಡಿಸ್ಬೇಡಿ ಅಂತ' ಅಂದ್ರು. ಹಂಗಾರೆ ನೀವಾದ್ರೂ ಬನ್ನಿ ಅಂದೆ. 'ನಾನು ಹೋದ್ರೆ, ಮಗಳು ಆಚೆ ಬಂದಾಗ ಇನ್ಯಾರೋ ಬಾಯಿ ಬಿಡ್ತಾರೆ. ಆ ಮಾತು ಕೇಳುವಾಗ ನಾನು ಪಕ್ಕದಲ್ಲಿರ್ಬೇಕು' ಅಂದ್ರು. ಗೇಟಿನಾಚೆ ನಿಂತೇ ಇದ್ರಪ್ಪ. ಎರಡು ಸಲ ಬೈಕಿನ ಹತ್ರ ಬಂದ್ರು, ಎರಡು ಸಲ ವಾಪಸ್ ಹೋದ್ರು. ಹೊಂಗೆ ಮರ ಇತ್ತು, ಕೂತ್ಕೊಳ್ಳಿ ಸಾ ಅಂದ್ರೆ ಕೂರ್ಲಿಲ್ಲ."

ಇದು ನಡೆದದ್ದು. ನಿಮ್ಮಪ್ಪಾಜಿ ಶಾಲೆಗಾಗಿ ನಿಲ್ಲಲಿಲ್ಲ ತಾಯಿ. ನಿನಗಾಗಿ ನಿಂತರು. ಈ ಸತ್ಯ ಇಷ್ಟು ವರ್ಷ ನಿನಗೆ ತಲುಪಲಿಲ್ಲವಲ್ಲ ಎಂದು ತಡಮಾಡದೆ ಪೆನ್ನು ಹಿಡಿದೆ. ಇನ್ನಾದರೂ ನಿನ್ನ ಎದೆ ಹಗುರವಾಗಲಿ!

ಬಾಲರಾಜು

*

ಗೂಳಿಗೌಡನದೊಡ್ಡಿ
16 ಫೆಬ್ರವರಿ 2025

ಸೌಮ್ಯಶ್ರೀಗೆ,

ನಿನ್ನಿಂದ ಉತ್ತರವಿಲ್ಲ. ಯಾಕೆಂದು ನಿನ್ನೆ ತಿಳಿಯಿತು.

ಕನಕಪುರಕ್ಕೆ ಹೋಗಿದ್ದೆ. ನಿನಗೆ ಎಲ್ಲ ಬರೆದು ತಿಳಿಸಿದೆ ಎಂದು ಸನಾವುಲ್ಲಾ ಮೇಷ್ಟ್ರಿಗೆ ಹೆಮ್ಮೆಯಿಂದ ಸ್ಲೇಟು ತೋರಿಸಿದೆ. ಅವರ ಮುಖ ಕಪ್ಪಿಟ್ಟಿತು. "ಹೇಳ್ಬುಟ್ಯಾ? ನಿಂಗೆ ಹೇಳಿದ್ದು ನಾಟ್ಕದಿಂದ ಆ ಸೀನು ತೆಗೀಲಿ ಅಂತ ಕಣಯ್ಯ, ಆ ಹುಡುಗಿಗೆ ಬರೀಲಿ ಅಂತಲ್ಲ! ಊರೋರು ಕರ್ತವ್ಯ, ಕರ್ತವ್ಯ ಅಂತ ಶುರು ಮಾಡ್ದಾಗ ನಾನೇ ಅವರನ್ನ ಕೇಳಿದ್ದೆ, ನಿಜ ಹೇಳ್ಬುಡಿ ಸಾ ಅಂತ. ಏನಂದ್ರು ಗೊತ್ತಾ? 'ಅವಳು ನನ್ನ ಮೇಲೆ ಕೋಪ ಮಾಡ್ಕೊಂಡಿರ್ಲಿ, ತಡ್ಕೋತೀನಿ. ನನ್ನ ಪರೀಕ್ಷೆಗೋಸ್ಕರ ಅಮ್ಮ ಯಾರನ್ನೂ ನೋಡ್ದೆ ಹೋದ್ರು ಅಂತ ಗೊತ್ತಾದ್ರೆ, ಆ ಮಗು ಅದನ್ನ ಹೆಂಗೆ ಹೊರುತ್ತೆ?' ಅಷ್ಟು ವರ್ಷ ಮಗಳ ಮನೇಲಿದ್ದು ಬಾಯಿ ಬಿಡದೆ ಹೋದ ಮನುಷ್ಯ ಕಣಯ್ಯ. ನೀನು ಒಂದು ಕವರಿಗೆ ಹಾಕಿ ಪೋಸ್ಟ್ ಮಾಡ್ಬುಟ್ಟೆ."

ಡಾಕ್ಟರು ಗಂಟಲು ಕೊಯ್ದರು. ಕೈಯನ್ನು ಬಿಟ್ಟುಬಿಟ್ಟರು.

ರಾಮನಗರದವರು ಇನ್ನೊಂದು ಪ್ರಯೋಗ ಮಾಡಿಸಿ ಎಂದು ಕೇಳಿದ್ದಾರೆ. ಆಗುವುದಿಲ್ಲ ಎಂದೆ. ಮೊನ್ನೆಯಿಂದ ಒಸಿ ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಯಾರ ಹತ್ತಿರ ಏನು ಆಡಲಿ ಎಂದು ತಿಳಿಯದೆ ಸ್ಲೇಟನ್ನೇ ಇಟ್ಟುಕೊಂಡಿದ್ದೇನೆ.

ಬಾಲರಾಜು

*

ವಿಜಯಪುರ
24 ಮಾರ್ಚ್ 2025

ಬಾಲಣ್ಣ,

ನಿಮ್ಮ ಎರಡು ಕಾಗದವೂ ಬಂದವು. ಮೊದಲನೆಯದನ್ನು ಓದಿದ ದಿನ ನಾನು ಅಡುಗೆ ಮಾಡಲಿಲ್ಲ. ದಯಾನಂದ್ ಏನಾಯಿತೆಂದು ಕೇಳಿದರೆ ತಲೆನೋವು ಅಂದೆ. ನೋಡಿ, ನಾನೂ ಹೇಳುವುದಿಲ್ಲ.

ಎದೆ ಹಗುರವಾಗಲಿಲ್ಲ. ಆ ದಿನ ಪೇಪರು ಬೇಗ ಮುಗಿದಿತ್ತು. ಎದ್ದು ಬರಬಹುದಿತ್ತು. ಒಂದೂ ಅಂಕ ಹೋಗಬಾರದೆಂದು ಕೂತು, ಲೆಕ್ಕಗಳನ್ನೆಲ್ಲ ಇನ್ನೊಮ್ಮೆ ತಾಳೆ ನೋಡಿದೆ. ಹೊರಗೆ ಬಿಸಿಲಲ್ಲಿ ಅಪ್ಪಾಜಿ ನಿಂತಿದ್ದರು. ಆಸ್ಪತ್ರೆಯಲ್ಲಿ ಅಮ್ಮ ಇನ್ನೂ ಇದ್ದರೋ ಏನೋ. ಇದನ್ನು ಅವರು ನನ್ನಿಂದ ದೂರ ಇಟ್ಟಿದ್ದರು. ನನ್ನ ಕೊಂಕು ಮಾತು ಉಂಡುಕೊಂಡು ಇಟ್ಟಿದ್ದರು. ನೀವು ಹೇಳಬಾರದಿತ್ತು. ಹೇಳದೆ ಹೋಗಿದ್ದರೆ, ಕೈ ಬಿಡಿಸಿಕೊಂಡೆನಲ್ಲ, ಅದು ಸರಿಯೆಂದೇ ಸಾಯುತ್ತಿದ್ದೆ. ಯಾವುದು ಮೇಲು ಎಂದು ನನ್ನನ್ನು ಕೇಳಬೇಡಿ.

ರಾಮನಗರದವರಿಗೆ ಆಗುವುದಿಲ್ಲ ಅನ್ನಬೇಡಿ. ನಾಟಕ ಆಡಿ. ಆಸ್ಪತ್ರೆಯ ಮಂಚ, ಪದ್ಯ ಎರಡೂ ಬೇಡ. ನಗಿಸಲು ಇಟ್ಟ ಗೇಟಿನ ದೃಶ್ಯವಿದೆಯಲ್ಲ, ಅದನ್ನು ಕೊನೆಗೆ ಹಾಕಿ. ಅವರು ನಿಲ್ಲಲಿ, ಸಾಕು. ಯಾರ ಸಲುವಾಗಿ ನಿಂತಿದ್ದಾರೆ ಎಂದು ಹೇಳಬೇಡಿ. ಯಾರಾದರೂ ಒನ್ಸ್ ಮೋರ್ ಎಂದು ಕೂಗಿದರೆ ಪರದೆ ಇಳಿಸಿಬಿಡಿ.

ಇವತ್ತು ಇಲ್ಲಿ ಎಸ್ಸೆಸ್ಸೆಲ್ಸಿ ಗಣಿತ. ಆಫೀಸಿಗೆ ಹೊರಟವಳು ಆ ಶಾಲೆಯ ಮುಂದೆ ಆಟೋ ಇಳಿದೆ. ತಂದೆತಾಯಿಗಳೆಲ್ಲ ಬೇವಿನ ಮರದ ಕೆಳಗೆ ಕೂತಿದ್ದರು. ನಾನು ಗೇಟಿನ ಎದುರಿಗೆ ನಿಂತೆ. ಒಬ್ಬಳು ಪೊಲೀಸಮ್ಮ ಬಂದು ಕೇಳಿದಳು, "ಒಳಗ ಯಾರ್ ಬರಿಯಾಕತ್ತಾರ್ರಿ ಅಕ್ಕಾರ?"

"ಮಗಳು" ಎಂದೆ. ನನಗಿರುವುದು ಮಗ ಒಬ್ಬನೇ, ನಿಮಗೇ ಗೊತ್ತು.

"ಹಂಗಾರ ಇಲ್ಲ್ಯಾಕ ಸುಡು ಬಿಸಲಾಗ ನಿಂತೀರಿ? ಗಂಟಿ ಹೊಡಿಯಾಕ ಇನ್ನೂ ಭಾಳ ಹೊತ್ತೈತಿ. ಬರ್ರಿ, ನೆಳ್ಳಾಗ ಕುಂದರ್ರಿ" ಎಂದು ಕೈ ಹಿಡಿದು ಮರದ ಕೆಳಗೆ ಕರೆದೊಯ್ದಳು. ಒಂದು ಗಳಿಗೆ ಕೂತೆ. ಮತ್ತೆ ಎದ್ದು ಬಂದು ಬಿಸಿಲಲ್ಲಿ ನಿಂತೆ.

ನೆರಳಿನಿಂದ ಬಾಗಿಲು ಕಾಣುವುದಿಲ್ಲ ಬಾಲಣ್ಣ.

ಸೌಮ್ಯಶ್ರೀ